ಬೀಗವೊಂದೇ ಕಾವಲಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾರಟಗಿಯನ್ನು ಬತ್ತದ ಊರನ್ನಾಗಿ, ಅಕ್ಕಿ ಗಿರಣಿಗಳ ಊರನ್ನಾಗಿ ಮಾಡಿತು. ಇಂಥ ಊರಿನಲ್ಲಿ ಮನೆಯ ಗ್ಯಾರೇಜು ಕೇವಲ ಕಾರು ನಿಲ್ಲುವ ಸ್ಥಳವಾಗಿ ಉಳಿಯುವುದಿಲ್ಲ. ಕಾರಿನ ಪಕ್ಕಕ್ಕೆ ಮೋಟಾರು ಸೈಕಲ್ಲು, ಅದರ ಹಿಂದೆ ದುರಸ್ತಿಗೆ ತಂದ ಪಂಪು, ಗೋಡೆಗೆ ಒರಗಿಸಿದ ವರ್ಷದ ಬತ್ತದ ಚೀಲಗಳು. ಇಷ್ಟಕ್ಕೂ ಕಾವಲು ಎರಡು ಮರದ ಕದ, ಒಂದು ಬೀಗ.

ಕನಕಗಿರಿಯ ಜಾತ್ರೆಗೆ ಹೊರಟ ಗೃಹಸ್ಥನು ಬೀಗವನ್ನು ಎರಡು ಬಾರಿ ಜಗ್ಗಿ ನೋಡಿ ನಿಶ್ಚಿಂತನಾಗುತ್ತಾನೆ. ಕಳ್ಳನಾದರೋ ಬೀಗದ ಗೊಡವೆಗೇ ಹೋಗುವುದಿಲ್ಲ. ಅದು ತೂಗುವ ಕೊಂಡಿಯ ತಿರುಪು ಮೊಳೆಗಳನ್ನು ಬಿಚ್ಚುತ್ತಾನೆ, ಇಲ್ಲವೆ ಹಾರೆಯಿಂದ ಮೀಟುತ್ತಾನೆ. ಬೀಗ ಮುರಿಯದೆ ಹಾಗೆಯೇ ನೇತಾಡುತ್ತಿರುತ್ತದೆ!

ಆದ್ದರಿಂದ ಹೊಸ ಬೀಗಕ್ಕೆ ಹಣ ತೆರುವ ಮೊದಲು ಮರವನ್ನು ಪರೀಕ್ಷಿಸಬೇಕು. ಕದದ ಕೆಳಅಂಚನ್ನೂ ಚೌಕಟ್ಟಿನ ಬುಡವನ್ನೂ ದಬ್ಬಳದಿಂದ ಚುಚ್ಚಿ ನೋಡುವುದು. ತೇವದಿಂದ ಕೊಳೆತಿದ್ದರೆ, ಗೆದ್ದಲು ಹಿಡಿದಿದ್ದರೆ ದಬ್ಬಳವು ಸಲೀಸಾಗಿ ಇಳಿಯುತ್ತದೆ. ಅಂಥ ಭಾಗವನ್ನು ಬಡಗಿಯಿಂದ ತೆಗೆಸಿ ಗಟ್ಟಿ ಮರ ಕೂಡಿಸದೆ ಮುಂದಿನ ಯಾವ ಉಪಾಯವೂ ಫಲಿಸದು.

ಅನಂತರ ಕೊಂಡಿಯ ಸರದಿ. ತಿರುಪು ಮೊಳೆಗಳ ಬದಲು ಕದದ ಆಚೆಗೆ ಹಾಯುವ ಗುಂಡುತಲೆಯ ಬೋಲ್ಟುಗಳನ್ನು ಹಾಕಿಸಬೇಕು. ಒಳಬದಿಗೆ ಕಬ್ಬಿಣದ ಪಟ್ಟಿಯನ್ನಿಟ್ಟು ಅದರ ಮೇಲೆ ನಟ್ಟು ಬಿಗಿಯಬೇಕು. ಹೊರಗೆ ನಿಂತವನಿಗೆ ತಿರುಗಿಸಲು ಏನೂ ಸಿಗದು. ಮೀಟಿದರೂ ಪಟ್ಟಿಯು ಮರವನ್ನು ಹಿಡಿದು ನಿಲ್ಲುತ್ತದೆ. ಎರಡು ಕದಗಳ ನಡುವಿನ ಸಂದಿಗೂ ಹೊರಗಿನಿಂದ ಒಂದು ಕಬ್ಬಿಣದ ಪಟ್ಟಿಯನ್ನು ಮುಚ್ಚಿದರೆ ಹಾರೆಯ ತುದಿಗೆ ಎಡೆಯಿಲ್ಲ.

ಹಲವರು ಮರೆಯುವುದು ಬಿಜಾಗರಿಗಳನ್ನು. ಹೊರಕ್ಕೆ ತೆರೆಯುವ ಕದದಲ್ಲಿ ಬಿಜಾಗರಿಯ ಕಡ್ಡಿ ಹೊರಗೇ ಕಾಣುತ್ತಿರುತ್ತದೆ. ಅದನ್ನು ಹೊಡೆದು ತೆಗೆದರೆ ಬೀಗ ಹಾಕಿದ ಕದವೇ ಆ ಬದಿಯಿಂದ ಕಳಚುತ್ತದೆ. ಕದದ ಆ ಅಂಚಿಗೆ ಅರ್ಧ ಅಂಗುಲ ಹೊರಚಾಚುವ ಉಕ್ಕಿನ ಗೂಟವೊಂದನ್ನು ಕೂರಿಸಿ, ಎದುರು ಚೌಕಟ್ಟಿನಲ್ಲಿ ಅದಕ್ಕೆ ತಕ್ಕ ರಂಧ್ರ ಕೊರೆಸಿದರಾಯಿತು. ಮುಚ್ಚಿದಾಗ ಗೂಟವು ರಂಧ್ರವನ್ನು ಹೊಗುತ್ತದೆ. ಕಡ್ಡಿ ಹೋದರೂ ಕದ ಕದಲದು.

ಮನೆಯೊಳಗಿನಿಂದ ಗ್ಯಾರೇಜಿಗೆ ಇನ್ನೊಂದು ಬಾಗಿಲಿದ್ದವರಿಗೆ ಹಿರಿಯರ ಅಗಳಿಯೇ ಉತ್ತಮ ಪಾಠ. ಹಗಲು ಗೋಡೆಯೊಳಗೆ ಅಡಗಿ, ರಾತ್ರಿ ಕದಕ್ಕೆ ಅಡ್ಡಬರುತ್ತಿದ್ದ ಆ ತೊಲೆಯು ನೂಕಿದ ಬಲವನ್ನೆಲ್ಲ ಗೋಡೆಗೆ ದಾಟಿಸುತ್ತಿತ್ತು. ಒಳಕ್ಕೆ ತೆರೆಯುವ ಕದಕ್ಕೆ ಅದೇ ಕ್ರಮ ಇಂದಿಗೂ ಸಾಕು. ಹೊರಕ್ಕೆ ತೆರೆಯುವುದಾದರೆ, ತೊಲೆಯನ್ನು ಕದಗಳಿಗೆ ಬೋಲ್ಟು ಮಾಡಿದ ಕೊಕ್ಕೆಗಳಲ್ಲಿ ಕೂರಿಸಿ, ಅದರ ತುದಿಗಳು ಚೌಕಟ್ಟಿನ ಒಳಮೈಗೆ ತಾಗುವಂತೆ ಮಾಡಬೇಕು. ಆದರೆ ಬೆಂಕಿಯ ಸಮಯದಲ್ಲಿ ಮನೆಯ ಮಕ್ಕಳೂ ತೆಗೆಯಬಲ್ಲಷ್ಟು ಅದು ಹಗುರಾಗಿರಲಿ.

ಕೊನೆಯದಾಗಿ, ಹಾರೆ, ಗುದ್ದಲಿ, ಏಣಿಗಳನ್ನು ಅಂಗಳದಲ್ಲಿ ಬಿಡಬಾರದು. ಕಳ್ಳನಿಗೆ ಆಯುಧವನ್ನು ಮನೆಯವರೇ ಒದಗಿಸಿದಂತಾಗುತ್ತದೆ. ಬಡಗಿಯ ಒಂದು ದಿನದ ಕೆಲಸಕ್ಕೆ ಹಿಂಜರಿದು, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದವರ ಸಾಲಿಗೆ ಸೇರುವುದು ಜಾಣತನವಲ್ಲ.