ಭೀಮನಬೀಡಿನ ಮಂಡಿಗೆ ಮೈಸೂರೇ ದಿಕ್ಕಾ?

"ಕಾಲು ಒತ್ತೋ ಕೆಲ್ಸ ಕಲಿಯಕ್ಕೆ ಆರೇಳು ವರ್ಷ ಓದ್ಬೇಕಾ?"

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರಾದರೂ ತಮ್ಮ ಮಗಳನ್ನು ಫಿಸಿಯೋಥೆರಪಿ ಓದಿಸುತ್ತೇನೆ, ಅದು ಮುಗಿದ ಮೇಲೆ ಸ್ಪೋರ್ಟ್ಸ್ ಫಿಸಿಯೋ ಅಂತ ಇನ್ನೂ ಎರಡು ವರ್ಷ ಮಾಸ್ಟರ್ ಡಿಗ್ರಿಗೂ ಕಳಿಸುತ್ತೇನೆ ಅಂದು ನೋಡಲಿ. ಪಕ್ಕದಲ್ಲಿ ನಿಂತವರು ಕೇಳುವ ಮೊದಲ ಪ್ರಶ್ನೆ ಇದೇ. ಎರಡನೇ ಪ್ರಶ್ನೆ, "ಅಂಗಂದ್ರೇನು, ಆಟ ಆಡ್ಸೋ ಮೇಷ್ಟ್ರ ಕೆಲ್ಸವಾ?" ಕೇಳಿದವರದ್ದು ತಪ್ಪಲ್ಲ. ಆ ಕೆಲಸ ಮಾಡುವ ಮನುಷ್ಯನನ್ನು ಈ ಸೀಮೆಯ ಜನ ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದ್ದು ಕಡಿಮೆ. ಕ್ರಿಕೆಟ್ ಮ್ಯಾಚಿನಲ್ಲಿ ಬ್ಯಾಟ್ಸ್‌ಮನ್ ಬಿದ್ದಾಗ ಪೆಟ್ಟಿಗೆ ಹಿಡಿದು ಓಡಿ ಬರುತ್ತಾರಲ್ಲ, ಅವರೇ.

ಅವರು ಭೀಮನಬೀಡಿಗೆ ಓಡಿ ಬರುವುದು ಯಾವಾಗ ಎಂಬುದೇ ಇವತ್ತಿನ ಮಾತು.

ಊರಿನ ಹೆಸರಲ್ಲಿ ಭೀಮನಿದ್ದಾನೆ. ಗದೆ ಬೀಸಿ ದುರ್ಯೋಧನನ ತೊಡೆ ಮುರಿದ ಭೀಮ. ಆದರೆ ಆ ಊರಿನ ಹುಡುಗನ ಮಂಡಿ ತಿರುಚಿದರೆ ಏನಾಗುತ್ತದೆ? ಗುಂಡ್ಲುಪೇಟೆ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ಕಬಡ್ಡಿ ನಡೆದರೂ ಕಥೆ ಹೆಚ್ಚುಕಡಿಮೆ ಒಂದೇ. ರೈಡ್‌ಗೆ ಹೋದ ಹುಡುಗ ಸರಕ್ಕನೆ ತಿರುಗುತ್ತಾನೆ, ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಮಂಡಿಯೊಳಗೆ 'ಟಪ್' ಅನ್ನುತ್ತದೆ. ನಾಲ್ಕು ಜನ ಎತ್ತಿ ಪಕ್ಕಕ್ಕೆ ಕೂರಿಸುತ್ತಾರೆ. ಒಬ್ಬ ಸ್ಪ್ರೇ ಹೊಡೆಯುತ್ತಾನೆ. ಇನ್ನೊಬ್ಬ ಕಾಲು ಹಿಡಿದು ಜಗ್ಗುತ್ತಾನೆ. ಮೈಕಿನಲ್ಲಿ ಮುಂದಿನ ತಂಡದ ಹೆಸರು ಕೂಗುತ್ತಾರೆ. ರಾತ್ರಿ ಮನೆಯಲ್ಲಿ ಅಜ್ಜಿ ಬಿಸಿ ಎಣ್ಣೆ ಹಚ್ಚಿ ನೀವುತ್ತಾಳೆ. "ಉಳುಕು ಕನ ಮಗ, ಎರಡು ದಿನಕ್ಕೆ ಸರಿ ಹೋಯ್ತದೆ."

ಬೆಳಗಾಗುವಷ್ಟರಲ್ಲಿ ಮಂಡಿ ಬೂದುಗುಂಬಳ!

ಮೋಸ ಮಾಡುವ ಮಂಡಿ

ತೊಡೆ ಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಒಂದು ಹುರಿ ಮಂಡಿಯೊಳಗೆ ಇರುತ್ತದೆ. ಡಾಕ್ಟರುಗಳು ಎ.ಸಿ.ಎಲ್. ಅನ್ನುವುದು ಅದಕ್ಕೇ. ಹರಿದದ್ದು ಅದಾಗಿದ್ದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಏಕೆಂದರೆ ಅದು ಮೂಳೆಯಲ್ಲ. "ಎಕ್ಸ್‌ರೇ ನಾರ್ಮಲ್" ಅಂತ ಚೀಟಿ ಬಂದ ಕೂಡಲೇ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎರಡು ಮೂರು ವಾರಕ್ಕೆ ಊತ ಇಳಿಯುತ್ತದೆ, ಹುಡುಗ ನಡೆಯುತ್ತಾನೆ, ಸೈಕಲ್ಲೂ ತುಳಿಯುತ್ತಾನೆ. ಗುಣವಾಯಿತು ಅಂತ ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ಮೊದಲ ತಿರುವಿನಲ್ಲೇ ಮಂಡಿ ಜಾರುತ್ತದೆ. ಹೀಗೆ ಜಾರಿದಾಗೆಲ್ಲ ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೃದ್ವಸ್ಥಿಯೂ ಹರಿಯಬಹುದು. ಹದಿನೆಂಟರ ಹುಡುಗನಿಗೆ ನಡುವಯಸ್ಸಿನಲ್ಲೇ ಮುದುಕರ ಮಂಡಿನೋವು ಬರುವುದು ಹೀಗೆ.

ಮೂಳೆ ಮುರಿದರೆ ಪುತ್ತೂರು ಕಟ್ಟು ಅಂತ ಜನ ಓಡುವುದು ಹಳೆಯ ರೂಢಿ. ಆ ಕಟ್ಟಿನ ಮೇಲಿನ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಮಂಡಿಯೊಳಗೆ ಪೂರ್ತಿ ಹರಿದ ಹುರಿ ಯಾವ ಕಟ್ಟಿಗೂ ಯಾವ ಎಣ್ಣೆಗೂ ಸಾಮಾನ್ಯವಾಗಿ ಕೂಡಿಕೊಳ್ಳುವುದಿಲ್ಲ. ಪೆಟ್ಟು ಬಿದ್ದ ಮೊದಲ ಎರಡು ಮೂರು ದಿನ ಬಿಸಿ ಶಾಖ ಕೊಡುವುದು, ಗಟ್ಟಿಯಾಗಿ ನೀವುವುದು ಎರಡೂ ಊತವನ್ನು ಹೆಚ್ಚಿಸುತ್ತವೆ. ಆಟ ನಿಲ್ಲಿಸುವುದು, ಬಟ್ಟೆ ಸುತ್ತಿದ ಐಸ್ ಇಡುವುದು, ಹದವಾಗಿ ಪಟ್ಟಿ ಕಟ್ಟುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡುವುದು, ಆಮೇಲೆ ಮೂಳೆ ಡಾಕ್ಟರಿಗೆ ತೋರಿಸುವುದು. ಇಷ್ಟು ಗೊತ್ತಿದ್ದ ಒಬ್ಬ ಮನುಷ್ಯ ಮೈದಾನದಲ್ಲಿದ್ದರೆ ಅರ್ಧ ಅನಾಹುತ ತಪ್ಪುತ್ತದೆ.

ಆಪರೇಷನ್ ಆದರೂ ಕಥೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜುವನ್ನು ಮಂಡಿಯಲ್ಲಿ ಕೂರಿಸಿದ ಮೇಲೆ ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಒಂಬತ್ತು ತಿಂಗಳ ಒಳಗೆ ಆಟಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವ ಸಂಭವ ಬಹಳ ಹೆಚ್ಚು. ಕ್ಯಾಲೆಂಡರ್ ನೋಡಿದರೂ ಸಾಲದು. ಒಂಟಿ ಕಾಲಲ್ಲಿ ಎಷ್ಟು ದೂರ ನೆಗೆಯುತ್ತಾನೆ, ಪೆಟ್ಟಾದ ಕಾಲಿನ ಬಲ ಒಳ್ಳೆಯ ಕಾಲಿನ ಬಲದ ನೂರಕ್ಕೆ ತೊಂಬತ್ತಾದರೂ ಇದೆಯೇ, ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ, ಇವೆಲ್ಲ ಅಳೆದು ನೋಡಿ "ಈಗ ಆಡು" ಎನ್ನಬೇಕು. ಹಾಗೆ ಅಳೆದು ಹೇಳುವ ವಿದ್ಯೆಯೇ ಕ್ರೀಡಾ ಫಿಸಿಯೋಥೆರಪಿ. ಕಾಲು ಒತ್ತುವುದಲ್ಲ ಸ್ವಾಮಿ!

ಬಸ್ಸಿನ ಲೆಕ್ಕ

ಈಗ ಬಸ್ಸಿನವರಿಗೆ ಗೊತ್ತಾಗುವ ಲೆಕ್ಕ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ವಾರಕ್ಕೆ ಎರಡು ಸಲದಂತೆ ಒಂಬತ್ತು ತಿಂಗಳು ಹೋಗಿ ಬಂದರೆ ಎಪ್ಪತ್ತಕ್ಕೂ ಮೀರಿದ ಪ್ರಯಾಣ, 8,500 ಕಿಲೋಮೀಟರಿಗೂ ಹೆಚ್ಚು. ಭೀಮನಬೀಡಿನಿಂದ ಪೇಟೆಗೆ ಬರುವ ದಾರಿ ಈ ಲೆಕ್ಕಕ್ಕೆ ಸೇರಿಲ್ಲ. ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿದೆ, ಟಿಕೆಟ್ ಕಾಸಿಲ್ಲ. ಜೊತೆಗೆ ಹೋಗುವ ಅಪ್ಪನಿಗೆ ಟಿಕೆಟ್ಟೂ ಇದೆ, ಅಂದಿನ ಕೂಲಿಯೂ ಇಲ್ಲ. ಅರಿಸಿನ ಕೀಳುವ ಕಾಲದಲ್ಲಿ ಯಾವ ಅಪ್ಪ ವಾರಕ್ಕೆರಡು ದಿನ ಮೈಸೂರಿನಲ್ಲಿ ಕೂರುತ್ತಾನೆ? ನಾಲ್ಕನೇ ವಾರಕ್ಕೆ ಹೋಗುವುದು ನಿಲ್ಲುತ್ತದೆ. ಸಾಲ ಮಾಡಿ ಮಾಡಿಸಿದ ಆಪರೇಷನ್ ಅರ್ಧ ನೀರಿಗೆ ಬಿದ್ದ ಹಾಗೆ.

ಅದೇ ಮಂಡಿಗೆ ದಿಕ್ಕಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಬೌಲಿಂಗ್ ಭುಜದ ಸ್ನಾಯು ಹರಿದು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಆರೈಕೆಯಾಯಿತು. ವೇಗದ ಬೌಲರಿಗೆ ಭುಜ ಹೋದರೆ ಮುಗಿಯಿತು ಅಂದವರು ಆಗ ಕಡಿಮೆಯಿರಲಿಲ್ಲ. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು. 2003ರ ವಿಶ್ವಕಪ್ ಫೈನಲ್ ಕೂಡ ಆಡಿದರು. ಹಳ್ಳಿಯ ಹುಡುಗನ ಭುಜವೂ ಶ್ರೀನಾಥ್ ಭುಜವೂ ಒಂದೇ ಮಾಂಸ, ಒಂದೇ ಮೂಳೆ. ಆಮೇಲೆ ಸಿಕ್ಕ ಆರೈಕೆಯಲ್ಲಿದೆ ವ್ಯತ್ಯಾಸ.

ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆಡಿದವರು. ರಾಜ್ಯ ಸರ್ಕಾರ ಐದು ಲಕ್ಷ ಕೊಡುತ್ತೇನೆಂದಾಗ ಅವರೂ ಪುರುಷರ ತಂಡದ ಎಂ.ಕೆ. ಗೌತಮ್ ಅವರೂ ಇದು ಸಾಲದೆಂದು ಬೇಡವೆಂದರು. ಆ ವಾದ ಪತ್ರಿಕೆಗಳಲ್ಲೆಲ್ಲ ಬಂತು. ಗೆದ್ದು ಬಂದವರಿಗೆ ಎಷ್ಟು ಕೊಡಬೇಕು ಎಂಬ ಚರ್ಚೆ ಆಗಲಿ, ಬೇಕಾದದ್ದೇ. ಆದರೆ ಗೆಲ್ಲುವ ಮೊದಲೇ ಮಂಡಿ ಕಳೆದುಕೊಂಡು ಮನೆಯಲ್ಲಿ ಕೂತ ಹುಡುಗಿಯರ ಲೆಕ್ಕ ಯಾರು ಇಟ್ಟಿದ್ದಾರೆ? ಖೋ ಖೋದಲ್ಲಿ ಕುಕ್ಕರಗಾಲಲ್ಲಿ ಕೂತವರು ಚಂಗನೆ ಎದ್ದು ಓಡಬೇಕು, ಕಂಬ ಹಿಡಿದು ತಿರುಗಬೇಕು. ಮಂಡಿ ಹುರಿ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚೆಂದು ವೈದ್ಯಶಾಸ್ತ್ರವೇ ಹೇಳುತ್ತದೆ.

ಆಟದವರ ಮಾತಷ್ಟೇ ಅಲ್ಲ

"ಆಸ್ಪತ್ರೇಲಿ ಮಾತ್ರೆಗೇ ಪರದಾಟ, ಇನ್ನು ಆಟದ ಡಾಕ್ಟ್ರು ಬೇರೆ ಕೇಡು" ಅನ್ನುವವರಿದ್ದಾರೆ. ಅವರೊಮ್ಮೆ ಬೆಳಿಗ್ಗೆ ಐದೂವರೆಗೆ ರಸ್ತೆಗೆ ಬಂದು ನೋಡಲಿ. ಪೊಲೀಸ್, ಮಿಲಿಟರಿ ಸೇರಬೇಕೆಂದು ಹುಡುಗರು ಟಾರ್ ರೋಡಿನ ಮೇಲೆ ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಆಗಲು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅರ್ಜಿ ಕರೆದ ದಿನದಿಂದ ಓಟ ಶುರು. ಮೊದಲ ವಾರ ಎರಡು ಕಿಲೋಮೀಟರ್, ಮುಂದಿನ ವಾರ ಎಂಟು! ಮೊಣಕಾಲ ಕೆಳಗಿನ ಮೂಳೆ ಉರಿಯತೊಡಗುತ್ತದೆ. ನೋವಿನ ಮಾತ್ರೆ ನುಂಗಿ ಓಡಿದರೆ ಮೂಳೆಯಲ್ಲಿ ಕೂದಲೆಳೆ ಬಿರುಕು ಬರುವುದೂ ಉಂಟು. ಪರೀಕ್ಷೆಯ ದಿನ ಹುಡುಗ ಕುಂಟುತ್ತಾನೆ. ಹೋದದ್ದು ಆಟವಲ್ಲ, ಒಂದು ಸಂಸಾರದ ಸಂಬಳ. ವಾರದಿಂದ ವಾರಕ್ಕೆ ಎಷ್ಟು ಹೆಚ್ಚಿಸಬೇಕು, ಯಾವ ದಿನ ವಿಶ್ರಾಂತಿ, ಎಂಥ ನೆಲ, ಎಂಥ ಶೂ ಅಂತ ಹೇಳುವುದೂ ಈ ಸ್ನಾತಕೋತ್ತರ ಓದಿನ ಪಾಠವೇ. 'ಪರ್ಫಾರ್ಮೆನ್ಸ್' ಅನ್ನುವ ದೊಡ್ಡ ಪದದ ಅರ್ಥ ಇಷ್ಟೇ, ಮೈಯನ್ನು ಮುರಿಯದೆ ಹುರಿಗೊಳಿಸುವುದು.

ಇನ್ನು ಕ್ಯಾಷ್ ಪೆಟ್ಟಿಗೆಯ ಮುಂದೆ ಹನ್ನೆರಡು ಗಂಟೆ ಕೂರುವ ಅಂಗಡಿಯವರ ಸೊಂಟ, ನಿಂತೇ ಇರುವ ಕಂಡಕ್ಟರ ಹಿಮ್ಮಡಿ, ಮೂಟೆ ಹೊರುವವರ ಕತ್ತು, ಲಕ್ವ ಹೊಡೆದ ಯಜಮಾನರ ಕೈ. ಇವೂ ಅದೇ ವಿದ್ಯೆಯ ಗಿರಾಕಿಗಳೇ. ಮಕ್ಕಳ ಮಂಡಿಗೆ ಬಂದವರು ದೊಡ್ಡವರ ಸೊಂಟಕ್ಕೂ ಆಗುತ್ತಾರೆ.

ಓದುವವರಿಗೆ ಎರಡು ಮಾತು

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಪೋಲಿಯೋ ಮಕ್ಕಳ ಕಾಲಿಗಾಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1953ರಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಅದಕ್ಕೂ ಮೊದಲು ಮೈಸೂರಿನ ಗರಡಿ ಮನೆಗಳಲ್ಲಿ ಉಸ್ತಾದರು ಮೈ ನೋಡಿಯೇ ಪೈಲ್ವಾನನಿಗೆ ಇವತ್ತು ಎಷ್ಟು ಸಾಮು, ಎಷ್ಟು ವಿಶ್ರಾಂತಿ ಅಂತ ಹೇಳುತ್ತಿದ್ದರು. ಹೊಸ ಓದು ಆ ಕಣ್ಣಳತೆಗೆ ಅಳತೆಪಟ್ಟಿ ಕೊಟ್ಟಿದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಬಿ.ಪಿ.ಟಿ. ಪದವಿಗೆ ಇಂಟರ್ನ್‌ಷಿಪ್ಪೂ ಸೇರಿ ನಾಲ್ಕೂವರೆಯಿಂದ ಐದು ವರ್ಷ. ಅದರ ಮೇಲೆ ಎಂ.ಪಿ.ಟಿ. ಎರಡು ವರ್ಷ. ಕಾಲೇಜು ಹುಡುಕಿಕೊಂಡು ದೆಹಲಿಗೆ ಹೋಗಬೇಕಿಲ್ಲ, ಮೈಸೂರು, ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿ ಇವೆ. ಆದರೆ ಹುಷಾರು! ಆರು ತಿಂಗಳ ಸರ್ಟಿಫಿಕೇಟಿಗೂ ಈ ಹೆಸರನ್ನೇ ಅಂಟಿಸಿ ಮಾರುವವರು ಇರುತ್ತಾರೆ. ಈ ವೃತ್ತಿಗಳಿಗೆಂದೇ 2021ರಲ್ಲಿ ಕೇಂದ್ರದ ಕಾನೂನು ಬಂದು ರಾಷ್ಟ್ರೀಯ ಆಯೋಗವೂ ಆಗಿದೆ. ಫೀಸು ಕಟ್ಟುವ ಮೊದಲು ಯಾವ ವಿಶ್ವವಿದ್ಯಾಲಯ, ಯಾರ ಮಾನ್ಯತೆ, ಕಲಿಯಲು ಯಾವ ಆಸ್ಪತ್ರೆ, ಯಾವ ಮೈದಾನ ಅಂತ ನಾಲ್ಕು ಪ್ರಶ್ನೆ ಕೇಳಬೇಕು. ಉತ್ತರಕ್ಕೆ ತಡವರಿಸಿದರೆ ಎದ್ದು ಬರಬೇಕು.

ಓದಿದವರು ಊರಿಗೆ ಬರುವುದಿಲ್ಲ ಎಂಬ ದೂರೂ ಇದೆ. ಯಾಕೆ ಬರಬೇಕು? ಕೂರಲು ಕುರ್ಚಿ, ಹಿಡಿಯಲು ಸಂಬಳ ಇಲ್ಲದೆ ಯಾರೂ ಬರುವುದಿಲ್ಲ. ಚಾಮರಾಜನಗರ ಜಿಲ್ಲೆಯಾಗಿದ್ದು 1997ರಲ್ಲಿ. ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ. 450 ಹಾಸಿಗೆಯ ಆಸ್ಪತ್ರೆಯನ್ನು 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಇಷ್ಟೆಲ್ಲ ಆದ ಮೇಲೆ ಅಲ್ಲೊಬ್ಬ ಕ್ರೀಡಾ ಫಿಸಿಯೋ ಕೂರುವಂತೆ ಮಾಡಿ, ವಾರಕ್ಕೊಂದು ದಿನ ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಗೂ ಕಳಿಸಿದರೆ ಖಜಾನೆ ಬರಿದಾಗುವುದಿಲ್ಲ. ಜಿಲ್ಲೆಯ ಒಬ್ಬಿಬ್ಬರು ಬಡ ಮಕ್ಕಳಿಗೆ ಎಂ.ಪಿ.ಟಿ. ಫೀಸು ಕಟ್ಟಿ, ಮೂರು ವರ್ಷ ಇಲ್ಲೇ ದುಡಿಯಬೇಕೆಂದು ಬಾಂಡ್ ಬರೆಸಿಕೊಳ್ಳಲಿ. ಶಾಸಕರು, ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಕ್ರಮವಾಗಿ ಮೈ ಬಿಸಿ ಮಾಡುವ ಒಂದು ಪದ್ಧತಿಯನ್ನು ಫುಟ್‌ಬಾಲಿನವರು ರೂಪಿಸಿದ್ದಾರೆ. ನಾರ್ವೆಯಲ್ಲಿ 1,892 ಹುಡುಗಿಯರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ ಪೆಟ್ಟುಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು. ಅದಕ್ಕೆ ಯಂತ್ರ ಬೇಡ, ಔಷಧ ಬೇಡ. ದೈಹಿಕ ಶಿಕ್ಷಕರಿಗೆ ಎರಡು ದಿನ ಕಲಿಸಿದರೆ ಸಾಕು.

ಕೊನೆಯ ಮಾತು ಅಂಗಡಿ ಯಜಮಾನರಿಗೆ. ಹಬ್ಬ ಜಾತ್ರೆ ಬಂದರೆ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ, ಯಾರೂ ಬರಿಗೈಲಿ ಕಳಿಸುವುದಿಲ್ಲ. ಆಳೆತ್ತರದ ಕಪ್ಪಿಗೆ ಒಬ್ಬರು, ಊಟಕ್ಕೆ ಒಬ್ಬರು, ಪಾಂಪ್ಲೆಟ್ಟಿನಲ್ಲಿ ಎಲ್ಲರ ಹೆಸರು. ಈ ಸಲ ಕಪ್ಪನ್ನು ಒಂದು ಗೇಣು ಗಿಡ್ಡ ಮಾಡಿಸಿ. ಉಳಿದ ದುಡ್ಡಿನಲ್ಲಿ ಒಂದು ಐಸ್ ಪೆಟ್ಟಿಗೆ, ನಾಲ್ಕು ಪಟ್ಟಿ, ಮೈಸೂರಿನಿಂದ ಒಬ್ಬ ಫಿಸಿಯೋಗೆ ಒಂದು ದಿನದ ಬಸ್ ಚಾರ್ಜು, ಊಟ, ಮರ್ಯಾದೆ. ಅವರ ಹೆಸರನ್ನೂ ಪಾಂಪ್ಲೆಟ್ಟಿನಲ್ಲಿ ಹಾಕಿಸಿ.

ಕಪ್ಪು ಯುವಕ ಸಂಘದ ಬೀರುವಿನಲ್ಲಿ ಧೂಳು ಹಿಡಿಯುತ್ತದೆ. ಮಂಡಿ ಮಾತ್ರ ಆ ಹುಡುಗ ಬದುಕಿರುವ ತನಕ ಬೇಕು.