ಲಗ್ನದ ವಿಡಿಯೋದಾಗ ಹೆಸರು ಮಿಣುಕಬಾರದು

ಅಕ್ಕ-ತಂಗೇರ, ಲಗ್ನದ ವಿಡಿಯೋ ಕಡೀಗಿ ಬೀಗರ ಹೆಸರು ಕೆಳಗಿಂದ ಮ್ಯಾಲ ಓಡತಾವಲ್ಲ, ಅವು ಯಾಕ ಮಿಣಮಿಣ ಅಂತಾವ ಗೊತ್ತದೇನ್ರಿ? ತಪ್ಪು ನಮ್ಮ ಕಣ್ಣಿಂದಲ್ಲ.

ಹಳೀ ಪದ್ಧತಿ ಡಿವಿಡಿ ವಿಡಿಯೋದಾಗ ಸೆಕೆಂಡಿಗಿ 25 ಚಿತ್ರ. ಒಂದೊಂದು ಚಿತ್ರಾನೂ ಎರಡು ಪಾಲು: ಮೊದಲ ಒಂದು ಬಿಟ್ಟು ಒಂದು ಗೆರಿ, ಆಮ್ಯಾಲ ನಡುವ ಉಳಿದ ಗೆರಿ. ನಮ್ಮ ಕನ್ನಡ ಅಕ್ಷರದ ತಲಕಟ್ಟು ಅಡ್ಡ ಇರತದ. ಅದು ಎಳಿಯಷ್ಟು ತೆಳ್ಳಗಿದ್ರ ಒಂದು ಪಾಲಿನಾಗ ಕಾಣತದ, ಇನ್ನೊಂದರಾಗ ಮಾಯ. ಅದಕ್ಕ ಮಿಣುಕತದ.

ಎಡಿಟಿಂಗ್ ಮಾಡೋ ಹುಡುಗಗ ಹೇಳ್ರಿ: ಅಕ್ಷರ ದಪ್ಪ ಇಡು, ಅದರ ಮ್ಯಾಲಿನ-ಕೆಳಗಿನ ಅಂಚು ಒಂಚೂರು ಮಸಕ ಮಾಡು. ಕಪ್ಪಿನ ಮ್ಯಾಲ ಅಚ್ಚ ಬಿಳಿ ಬ್ಯಾಡ, ಹಾಲಿನ ಕೆನಿ ಬಣ್ಣ ಇರಲಿ. ಚಿತ್ರ ಚಿತ್ರಕ್ಕ ಹೆಸರು ಪೂರಾ ಪಿಕ್ಸೆಲ್ ಲೆಕ್ಕದಾಗ ಸರಿಯಲಿ, ಅರ್ಧಮರ್ಧ ಬ್ಯಾಡ. ಕಂಪ್ಯೂಟರಿನಾಗಷ್ಟ ಅಲ್ಲ, ಟಿವಿಗಿ ಹಚ್ಚಿನೂ ನೋಡು.

ನನ್ನ ಕೇಳಿದ್ರ, ಓಡಸೋದೇ ಬ್ಯಾಡ. ಐದೈದು ಹೆಸರು ನಿಂತು ಕಾಣಲಿ. ಆಳಂದ, ಅಫಜಲಪುರ, ಜೇವರ್ಗಿಯಿಂದ ನಾಕು ದಿನ ಮೊದಲೇ ಬಂದು ಹೋಳಗಿ ಲಟ್ಟಿಸಿದ ಅತ್ತಿ, ಚಿಗವ್ವ, ನೆಗೆಣ್ಣಿ ಹೆಸರು ಲಗ್ನಪತ್ರಿಕಿದಾಗ ಎಲ್ಲಿ ಬರತಾವ್ರಿ? ವಿಡಿಯೋದಾಗರೆ ಬಂದ್ರ, ಅಕ್ಷರ ಕೂಡಿಸಿ ಕೂಡಿಸಿ ಓದೋ ಅವ್ವಗೂ ತನ್ನ ಹೆಸರು ಸಿಗಬೇಕು. ಡ್ರೋನಿಗಿ ಸಾವಿರಾರು ರೂಪಾಯಿ ಕೊಡತೀವಿ, ಅವರ ಹೆಸರಿಗಿ ಒಂದು ನಿಮಿಷ ಕೊಡಲಾಕ ಏನು ಕಷ್ಟ?