ಆರಿಸಿಕೊಂಡ ಸಾವು, ಬಂದೊದಗಿದ ಸಾವು

ಮರಣವಾರ್ತೆ ಕಿವಿಗೆ ಬಿದ್ದೊಡನೆ ನಾವು ಕೇಳುವುದು 'ಹೇಗಾಯಿತು?' ಎಂದು. ಉತ್ತರ ಬಂದ ಮೇಲೆಯೇ ಎಷ್ಟು ಮರುಗಬೇಕೆಂಬುದನ್ನು ಮನಸ್ಸು ನಿರ್ಧರಿಸುತ್ತದೆ. ಸಿಡಿಲು ಬಡಿದು ಸತ್ತನೆಂದರೆ 'ವಿಧಿ' ಎಂದು ನಿಟ್ಟುಸಿರಿಡುತ್ತೇವೆ. ತಾನಾಗಿ ಅಪಾಯಕ್ಕೆ ಕೈಯಿಕ್ಕಿ ಸತ್ತನೆಂದರೆ 'ಸ್ವಯಂಕೃತಾಪರಾಧ' ಎನ್ನುತ್ತೇವೆ. ಆದರೆ ಈ ಅಳತೆಗೋಲನ್ನು ನಾವು ಎಲ್ಲರಿಗೂ ಒಂದೇ ಬಗೆಯಾಗಿ ಹಿಡಿಯುತ್ತೇವೆಯೆ? ಎವರೆಸ್ಟಿನ ಚರಿತ್ರೆಯನ್ನು ಓದುವಾಗಲೆಲ್ಲ ಈ ಸಂದೇಹ ನನ್ನನ್ನು ಕಾಡುತ್ತದೆ.

1922ರ ಜೂನ್ 7ರಂದು, ಬ್ರಿಟಿಷ್ ತಂಡದ ಸಾಮಾನು ಹೊರುತ್ತಿದ್ದ ಏಳು ಮಂದಿ ಕೂಲಿಗಳು ಹಿಮಕುಸಿತಕ್ಕೆ ಸಿಕ್ಕಿ ಮಡಿದರು. 1924ರಲ್ಲಿ ಅದೇ ಪರ್ವತದ ಮೇಲೆ ಮ್ಯಾಲೊರಿ ಮತ್ತು ಇರ್ವಿನ್ ಕಣ್ಮರೆಯಾದರು. ಇವರಿಬ್ಬರ ಸ್ಮರಣೆಗಾಗಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲಿನಲ್ಲಿ ಪ್ರಾರ್ಥನೆ ನಡೆಯಿತು. ಐದನೆಯ ಜಾರ್ಜ್ ದೊರೆಯೇ ಬಂದಿದ್ದರು. ಇವರು ಬೇಕೆಂದೇ ಅಪಾಯವನ್ನು ಅರಸಿ ಹೋದವರು. ಲೋಕ ಅದನ್ನು ಶೌರ್ಯವೆಂದು ಕೊಂಡಾಡಿತು. ಅವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಏಳು ಮಂದಿಯ ಹೆಸರು ಬಲ್ಲವರು ಇಂದಿಗೂ ವಿರಳ.

2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಮಂಜಿನ ಬಂಡೆ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಸರಕಾರ ಮೊದಲು ಸಾರಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆರಳಿ ಕೆಲಸ ನಿಲ್ಲಿಸಿದರು. ಆ ಋತುವಿನ ಆರೋಹಣ ನೇಪಾಳದ ಕಡೆಯಿಂದ ಬಹುಮಟ್ಟಿಗೆ ನಿಂತೇಹೋಯಿತು.

'ಕೂಲಿಗೆ ಒಪ್ಪಿ ಬಂದವರಲ್ಲವೆ?' ಎನ್ನಬಹುದು. ಒಪ್ಪಿದ್ದು ನಿಜ. ಆದರೆ ಶಿಖರದಾಸೆಯವನು ಒಲ್ಲೆನೆಂದರೆ ಒಂದು ಹೆಮ್ಮೆ ತಪ್ಪೀತು. ಹೊರೆಯಾಳು ಒಲ್ಲೆನೆಂದರೆ ಮನೆಮಂದಿಯ ಅನ್ನವೇ ತಪ್ಪುತ್ತದೆ. 'ಮಂಜು ಕುಸಿದರೆ ಯಾರೇನು ಮಾಡಿಯಾರು?' ಎಂದೂ ಕೇಳಬಹುದು. ಮಂಜು ತಾನಾಗಿ ಕುಸಿಯುತ್ತದೆ, ದಿಟ. ಆದರೆ ಹಗ್ಗ, ಏಣಿ, ಡೇರೆ, ಆಮ್ಲಜನಕಗಳನ್ನು ಹೊತ್ತು ಅದರಡಿಯಲ್ಲಿ ಯಾರು ಎಷ್ಟು ಸಲ ಹಾಯಬೇಕೆಂದು ಗೊತ್ತುಮಾಡುವವರು ಮನುಷ್ಯರೇ.

'ತಾನೇ ಆರಿಸಿಕೊಂಡ' ಎಂಬ ಮಾತು ನಮ್ಮನ್ನು ಮರುಕದಿಂದ ಬಿಡಿಸುತ್ತದೆ. 'ವಿಧಿ' ಎಂಬ ಮಾತು ವಿಚಾರಣೆಯಿಂದ ಬಿಡಿಸುತ್ತದೆ. ಬಡವನ ಸಾವಿಗೆ ನಾವು ಎರಡನ್ನೂ ಬಳಸುತ್ತೇವೆ. 'ಹೇಗಾಯಿತು?' ಎಂದು ಕೇಳುವ ನಾಲಗೆ ಇನ್ನೊಂದನ್ನೂ ಕೇಳಲು ಕಲಿಯಬೇಕು: ಬೇಡವೆನ್ನಲು ಅವನಿಗೆ ಸಾಧ್ಯವಿತ್ತೆ? ಇದ್ದರೆ, ಅದಕ್ಕೆ ಅವನು ತೆರಬೇಕಾಗಿದ್ದ ಬೆಲೆಯೇನು?